ಉಳವಿ ಸೀಮೆಯ ಕಾಡಂಚಿನಲ್ಲಿ ಮಂಗನ ಕಾಯಿಲೆ: ದನಕರು ಸಾಕುವವರು ತಿಳಿದಿರಬೇಕಾದ ಸಂಗತಿಗಳು



ಪ್ರತಿವರ್ಷ ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ, ಗದಗ, ಹಾವೇರಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಉಳವಿಯ ಚನ್ನಬಸವೇಶ್ವರರ ಸನ್ನಿಧಿಗೆ ಬರುತ್ತವೆ. ಎತ್ತುಗಳನ್ನು ಸಿಂಗರಿಸಿಕೊಂಡು, ಹಳಿಯಾಳ ಮತ್ತು ದಾಂಡೇಲಿಯನ್ನು ದಾಟಿ, ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಹಲವು ದಿನ ಪ್ರಯಾಣ ಮಾಡಿ, ಮರದಡಿಯಲ್ಲಿ ಬೀಡುಬಿಟ್ಟು ಮುಂದೆ ಸಾಗುವುದು ತಲೆತಲಾಂತರದಿಂದ ಬಂದ ರೂಢಿ. ಇದೇ ಕಾಡಿನಲ್ಲಿ ಗೌಳಿ, ಕುಣಬಿ, ಸಿದ್ದಿ ಮತ್ತಿತರ ಸಮುದಾಯಗಳ ಕುಟುಂಬಗಳು ವರ್ಷವಿಡೀ ದನ, ಎಮ್ಮೆಗಳನ್ನು ಮೇಯಿಸಿಕೊಂಡು ಬದುಕುತ್ತಿವೆ.

ಜಾತ್ರೆ ನಡೆಯುವ ಈ ಕಾಲವೇ ಮಂಗನ ಕಾಯಿಲೆಯನ್ನು ಹರಡುವ ಎಳೆಯ ಉಣ್ಣೆಗಳು ಕಾಡಿನ ನೆಲದಲ್ಲಿ ಹೇರಳವಾಗಿರುವ ಕಾಲ. ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ನೀಡಲಾಗುತ್ತಿದ್ದ ಹಳೆಯ ಲಸಿಕೆಯು ನಿರೀಕ್ಷಿಸಿದಷ್ಟು ರಕ್ಷಣೆ ಕೊಡದ ಕಾರಣ ಅದರ ಬಳಕೆ ನಿಂತಿದೆ. ಹೊಸ ಲಸಿಕೆಯ ಸಂಶೋಧನೆ ನಡೆಯುತ್ತಿದೆ. ಆದುದರಿಂದ ಉಣ್ಣೆಯು ಮನುಷ್ಯನ ಮೈಗೆ ತಲುಪದಂತೆ ತಡೆಯುವುದೊಂದೇ ಸದ್ಯಕ್ಕೆ ನಮ್ಮ ಕೈಯಲ್ಲಿರುವ ಉಪಾಯ. ಈ ತಡೆಯ ಬಹುಪಾಲು ದನದ ಮೇವು, ಕೊಟ್ಟಿಗೆಯ ಹಾಸು ಮತ್ತು ಮೇಯಿಸುವ ಕ್ರಮಗಳಲ್ಲಿಯೇ ಅಡಗಿದೆ. ಬೇಸಾಯ ಶಾಸ್ತ್ರದ ವಿಜ್ಞಾನಿಯೊಬ್ಬರು ಜ್ವರದ ವಿಷಯವನ್ನು ಬರೆಯಲು ಇದೇ ಕಾರಣ.

ಕಾಯಿಲೆಯ ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಮಂಗಗಳು ಸಾಯತೊಡಗಿದವು. ಅದರ ಜೊತೆಯಲ್ಲಿಯೇ ಜನರಲ್ಲಿಯೂ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ಹೊಸ ವೈರಾಣುವನ್ನು ಗುರುತಿಸಿದರು. ಅಂದಿನಿಂದ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ (ಕೆ.ಎಫ್.ಡಿ.) ಎಂದೂ, ಜನರ ಮಾತಿನಲ್ಲಿ ಮಂಗನ ಕಾಯಿಲೆ ಎಂದೂ ಕರೆಯಲಾಗುತ್ತಿದೆ.

ಮೊದಲು ಶಿವಮೊಗ್ಗ ಜಿಲ್ಲೆಗೆ ಸೀಮಿತವಾಗಿದ್ದ ಕಾಯಿಲೆ ಕ್ರಮೇಣ ಪಶ್ಚಿಮ ಘಟ್ಟದ ಉದ್ದಕ್ಕೂ ಹಬ್ಬಿತು. 1982–83ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುವ ಸಲುವಾಗಿ ಕಾಡು ಕಡಿದಾಗ ಸಾವಿರಕ್ಕೂ ಹೆಚ್ಚು ಜನ ಕಾಯಿಲೆಗೆ ತುತ್ತಾದರು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ, 2024ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ತೀವ್ರವಾಗಿ ಕಾಣಿಸಿಕೊಂಡಿತು. ದಕ್ಷಿಣಕ್ಕೆ ಸಿದ್ದಾಪುರ, ವಾಯವ್ಯಕ್ಕೆ ಗೋವಾ. ಜೊಯಿಡಾದ ಕಾಡು ಇವೆರಡರ ನಡುವೆ ಇದೆ. ಆದುದರಿಂದ "ನಮ್ಮ ಊರಿಗೆ ಇನ್ನೂ ಬಂದಿಲ್ಲ" ಎಂಬ ಸಮಾಧಾನ ಸಲ್ಲದು.

ದನಕ್ಕೆ ಕಾಯಿಲೆ ಬಾರದು, ಆದರೆ ಉಣ್ಣೆಯನ್ನು ದನವೇ ಸಾಕುತ್ತದೆ

ಧಾರವಾಡ ಸೀಮೆಯಲ್ಲಿ ಉಣ್ಣಿ, ಮಲೆನಾಡಿನಲ್ಲಿ ಉಣುಗು ಎಂದು ಕರೆಯುವ ಈ ಜೀವಿಯನ್ನು ರೈತರು ಚೆನ್ನಾಗಿ ಬಲ್ಲರು. ದನದ ರಕ್ತ ಹೀರುವುದು, ಹಾಲು ಇಳಿಸುವುದು, ಥೈಲೇರಿಯಾ, ಬಬೇಸಿಯಾದಂತಹ ರೋಗಗಳನ್ನು ತರುವುದು ಎಲ್ಲರಿಗೂ ತಿಳಿದ ವಿಚಾರ. ಆ ರೋಗಗಳಲ್ಲಿ ದನ ಮಲಗುತ್ತದೆ, ಮೂತ್ರ ಕೆಂಪಾಗುತ್ತದೆ, ಆಗ ರೈತ ಎಚ್ಚರಗೊಳ್ಳುತ್ತಾನೆ. ಮಂಗನ ಕಾಯಿಲೆಯಲ್ಲಿ ಹಾಗಲ್ಲ. ದನ ಆರೋಗ್ಯವಾಗಿಯೇ ಇರುತ್ತದೆ. ಮಲಗುವವನು ಅದನ್ನು ಮೇಯಿಸಿದವನು.

ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಕಾಡಿನ ಉಣ್ಣೆ. ಇದರ ಬದುಕಿನ ಕ್ರಮವನ್ನು ತಿಳಿದರೆ ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಜೂನ್ ತಿಂಗಳ ಮೊದಲ ಕೆಲವು ಮಳೆಗಳ ನಂತರ ಪ್ರೌಢ ಉಣ್ಣೆಗಳು ಚುರುಕಾಗುತ್ತವೆ. ಜುಲೈ–ಆಗಸ್ಟ್‌ನಲ್ಲಿ ಅವುಗಳ ಸಂಖ್ಯೆ ಅತಿ ಹೆಚ್ಚು. ಇವು ಮುಖ್ಯವಾಗಿ ದನ, ಎಮ್ಮೆಯಂತಹ ದೊಡ್ಡ ಪ್ರಾಣಿಗಳ ರಕ್ತ ಹೀರುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಉದುರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮರಿಗಳು ಕಾಣಿಸಿಕೊಂಡು ಇಲಿ, ಹೆಗ್ಗಣ, ಪಕ್ಷಿ, ಮಂಗಗಳ ರಕ್ತ ಹೀರುತ್ತವೆ. ಆ ಪ್ರಾಣಿಯಲ್ಲಿ ವೈರಾಣುವಿದ್ದರೆ ಅದು ಮರಿಯ ಮೈ ಸೇರಿ, ಮರಿ ಪೊರೆ ಕಳಚಿ ಮುಂದಿನ ಹಂತಕ್ಕೆ ಬಂದರೂ ಉಳಿಯುತ್ತದೆ. ಹೀಗೆ ಬೆಳೆದ ಎಳೆಯ ಉಣ್ಣೆಗಳು ನವೆಂಬರ್‌ನಿಂದ ಮೇ ತಿಂಗಳವರೆಗೆ ತರಗೆಲೆಯ ಮೇಲೂ ಗಿಡ್ಡ ಗಿಡಗಳ ತುದಿಯಲ್ಲೂ ಕಾದಿರುತ್ತವೆ. ಜನರನ್ನು ಕಚ್ಚುವುದು ಬಹುತೇಕ ಇವೇ. ಗಾತ್ರದಲ್ಲಿ ಎಳ್ಳಿಗಿಂತಲೂ ಚಿಕ್ಕವಾದ ಇವು ಕಚ್ಚಿದರೆ ನೋವಾಗುವುದಿಲ್ಲ. ಎಷ್ಟೋ ಜನರಿಗೆ ಕಚ್ಚಿದ್ದೇ ತಿಳಿಯುವುದಿಲ್ಲ.

ಕಾಯಿಲೆ ತಗುಲಿದ ಮುಸಿಯ ಅಥವಾ ಕೆಂಪು ಮೂತಿಯ ಮಂಗ ಸತ್ತಾಗ, ಅದರ ಮೈಮೇಲಿದ್ದ ಉಣ್ಣೆಗಳು ದೇಹವನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆ ಸ್ಥಳ ಅತ್ಯಂತ ಅಪಾಯಕಾರಿ. ದನ ಅಲ್ಲಿ ಮೇಯ್ದರೆ ಉಣ್ಣೆಗಳು ಅದರ ಕೂದಲಿಗೆ ಅಂಟಿಕೊಂಡು ಕೊಟ್ಟಿಗೆಯವರೆಗೂ ಬರಬಹುದು.

ಈ ವಿವರಣೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಫೆಬ್ರವರಿಯ ಅಪಾಯಕ್ಕೆ ಜುಲೈ ತಿಂಗಳಿನಲ್ಲಿಯೇ ಬೀಜ ಬಿದ್ದಿರುತ್ತದೆ. ಮಳೆಗಾಲದಲ್ಲಿ ದನದ ಮೈಮೇಲಿನ ಒಂದೊಂದು ಹೆಣ್ಣು ಉಣ್ಣೆಯನ್ನು ಕೊಂದರೂ ಮುಂದಿನ ಬೇಸಿಗೆಯ ಸಾವಿರಾರು ಉಣ್ಣೆಗಳನ್ನು ಕಡಿಮೆ ಮಾಡಿದಂತೆ. ಎರಡನೆಯದು, ನವೆಂಬರ್‌ನಿಂದ ಮೇವರೆಗೆ ಮನುಷ್ಯರೂ ದನಗಳೂ ಕಾಡಿನ ತರಗೆಲೆಯೊಡನೆ ಸಂಪರ್ಕಕ್ಕೆ ಬರುವುದನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳಿತು.

ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ದನದ ಹಾಲಿನಿಂದ ಹರಡಿದ ದಾಖಲೆಯೂ ಇಲ್ಲ. ರೋಗಿಯ ಮನೆಯನ್ನು ದೂರವಿಡುವುದು, ಹಾಲನ್ನು ನಿರಾಕರಿಸುವುದು, ಮಂಗಗಳನ್ನು ಕೊಲ್ಲುವುದು – ಇವು ಯಾವುವೂ ಬೇಕಿಲ್ಲ.

ದನಗಳಲ್ಲಿ ಉಣ್ಣೆ ನಿಯಂತ್ರಣ

1. ಮೊದಲ ಉಪಚಾರವನ್ನು ಜೂನ್ ಕೊನೆಯ ಹೊತ್ತಿಗೆ ಆರಂಭಿಸಿ, ಮಳೆಗಾಲದುದ್ದಕ್ಕೂ ಪಶುವೈದ್ಯರು ಹೇಳಿದ ಅಂತರದಲ್ಲಿ ಮುಂದುವರಿಸಬೇಕು. ಕಾಡಿಗೆ ಹೋಗುವ ದನಗಳಿಗೆ ನವೆಂಬರ್ ನಂತರವೂ ಉಪಚಾರ ಅಗತ್ಯ.

2. ಮಳೆಗಾಲದಲ್ಲಿ ಮೈಗೆ ಸಿಂಪಡಿಸಿದ ಔಷಧ ತೊಳೆದುಹೋಗುವುದರಿಂದ, ಬೆನ್ನ ಮೇಲೆ ಸುರಿಯುವ ಶೇ. 1ರ ಫ್ಲುಮೆಥ್ರಿನ್ ಅನುಕೂಲಕರ. ಪ್ರತಿ 10 ಕೆ.ಜಿ. ದೇಹತೂಕಕ್ಕೆ 1 ಮಿ.ಲೀ. ಪ್ರಮಾಣದಲ್ಲಿ ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನಹುರಿಯ ಗುಂಟ ಸುರಿಯಬೇಕು. 100 ಕೆ.ಜಿ. ತೂಗುವ ಮಲೆನಾಡು ಗಿಡ್ಡ ಹಸುವಿಗೆ 10 ಮಿ.ಲೀ. ಸಾಕು, 400 ಕೆ.ಜಿ. ತೂಗುವ ಖಿಲಾರಿ ಎತ್ತಿಗೆ 40 ಮಿ.ಲೀ. ಬೇಕು. ಮೈ ಒದ್ದೆಯಾಗಿರುವಾಗ ಹಾಕಬಾರದು.

3. ಒಣ ಹವೆಯಲ್ಲಿ ಡೆಲ್ಟಾಮೆಥ್ರಿನ್ ದ್ರಾವಣವನ್ನು ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಮೈಯೆಲ್ಲ ತೋಯುವಂತೆ ಸಿಂಪಡಿಸಬಹುದು. ಕಿವಿಯ ಒಳಮೈ, ಗಂಗೆದೊಗಲು, ಕಂಕುಳು, ಕೆಚ್ಚಲಿನ ಸುತ್ತ, ಬಾಲದ ಅಡಿ – ಉಣ್ಣೆ ಹೆಚ್ಚಾಗಿ ಅಡಗುವ ಈ ಜಾಗಗಳನ್ನು ಬಿಡಬಾರದು. ಸಿಂಪಡಿಸುವ ಮೊದಲು ದನಕ್ಕೆ ನೀರು ಕುಡಿಸಿ, ಔಷಧ ಆರುವವರೆಗೆ ಮೈ ನೆಕ್ಕದಂತೆ ನೋಡಿಕೊಳ್ಳಬೇಕು.

4. ಅಳತೆಗಿಂತ ಕಡಿಮೆ ಔಷಧ ಬಳಸಿದರೆ ಉಣ್ಣೆ ಸಾಯದೆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಒಂದೇ ಔಷಧವನ್ನು ವರ್ಷಗಟ್ಟಲೆ ಬಳಸುವುದೂ ಸರಿಯಲ್ಲ. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಪಶುವೈದ್ಯರೇ ಕೊಡಬೇಕು. ಹಾಲು ಕೊಡುವ ದನಗಳಿಗೆ ಅದು ತಕ್ಕುದಲ್ಲ.

5. ಬೆಳೆಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಹಚ್ಚುವ ಅಭ್ಯಾಸ ಕೆಲವೆಡೆ ಇದೆ. ಇದು ದನಕ್ಕೂ ಹಚ್ಚುವವರಿಗೂ ಪ್ರಾಣಾಪಾಯ ತರಬಲ್ಲದು. ಔಷಧ ಹಾಕಿದ ದನವನ್ನು ಹಳ್ಳ, ಹೊಳೆಯಲ್ಲಿ ತೊಳೆಯಬಾರದು. ಡೆಲ್ಟಾಮೆಥ್ರಿನ್ ಮೀನುಗಳಿಗೆ ವಿಷ.

ಹಾಸು ಮತ್ತು ಕೊಟ್ಟಿಗೆ

ನಮ್ಮ ಜಿಲ್ಲೆಯ ರೈತರು ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಅದರಿಂದ ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತಾರೆ. ಮಣ್ಣಿನ ದೃಷ್ಟಿಯಿಂದ ಇದು ಉತ್ತಮ ಪದ್ಧತಿ. ಇದನ್ನು ಕೈಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ದರಕು ಗುಡಿಸುವ ತಿಂಗಳುಗಳೇ ಎಳೆಯ ಉಣ್ಣೆಯ ತಿಂಗಳುಗಳೂ ಆಗಿರುವುದರಿಂದ, ಮನೆಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವ ಹೆಣ್ಣುಮಕ್ಕಳು ಮೊದಲು ಅಪಾಯಕ್ಕೆ ಒಳಗಾಗುತ್ತಾರೆ.

ಮಂಗ ಸತ್ತ ಸುದ್ದಿ ಇರುವ ಕಾಡಿನಿಂದ ಆ ವರ್ಷ ದರಕನ್ನಾಗಲೀ ಸೊಪ್ಪನ್ನಾಗಲೀ ತರಲೇಬಾರದು. ಉಳಿದೆಡೆಯೂ ಕೈಯಿಂದ ಬಾಚುವ ಬದಲು ಉದ್ದ ಹಿಡಿಯ ಸಾಧನದಿಂದ ಎಳೆದು ಗುಡ್ಡೆ ಮಾಡುವುದು, ಹೊರೆಯನ್ನು ತಲೆ, ಬೆನ್ನಿನ ಮೇಲೆ ಹೊರದೆ ಗಾಡಿಯಲ್ಲಿ ತರುವುದು, ತಂದದ್ದನ್ನು ನೇರವಾಗಿ ಕೊಟ್ಟಿಗೆಗೆ ಹಾಕದೆ ಮನೆಯಿಂದ ದೂರದ ಬಯಲಿನಲ್ಲಿ ತೆಳುವಾಗಿ ಹರಡಿ ಕೆಲವು ದಿನ ಬಿಸಿಲಿಗೆ ಒಣಗಿಸುವುದು ಲೇಸು. ಬಿರುಬಿಸಿಲಿನ ಒಣ ನೆಲದಲ್ಲಿ ಉಣ್ಣೆ ಹೆಚ್ಚು ಕಾಲ ಬದುಕಲಾರದು. ಈ ಏಳು ತಿಂಗಳು ಭತ್ತದ ಹುಲ್ಲು, ಭತ್ತದ ಹೊಟ್ಟು, ಮರದ ಹೊಟ್ಟು, ಅಡಿಕೆ ಸಿಪ್ಪೆಗಳನ್ನು ಹಾಸಿಗೆ ಬಳಸಿದರೆ ಕಾಡಿಗೆ ಹೋಗುವ ಅಗತ್ಯವೇ ಕಡಿಮೆಯಾಗುತ್ತದೆ.

ಕೊಟ್ಟಿಗೆಯ ನೆಲ ಮತ್ತು ಗೋಡೆಗಳ ಬಿರುಕುಗಳನ್ನು ಮುಚ್ಚಬೇಕು. ಮೇಯ್ದು ಬಂದ ದನದ ಮೈಯನ್ನು ಕೊಟ್ಟಿಗೆಯ ಹೊರಗೆ ಪರೀಕ್ಷಿಸಬೇಕು. ಕಿತ್ತ ಉಣ್ಣೆಗಳನ್ನು ನೆಲಕ್ಕೆ ಬಿಸಾಡದೆ, ಉಗುರಿನಿಂದ ಹಿಸುಕದೆ, ಸಾಬೂನು ನೀರಿಗೆ ಹಾಕಿ ನಂತರ ಸುಡಬೇಕು.

ಮೇವು: ಕಾಡಿಗೆ ಹೋಗುವ ಅಗತ್ಯವನ್ನೇ ತಗ್ಗಿಸುವುದು

ದನ ಕಾಡಿಗೆ ಹೋಗುವುದು ಮೇವಿಗಾಗಿ. ಮೇವು ಮನೆಯ ಬಳಿ ಸಿಕ್ಕರೆ ದನವೂ ದನಗಾಹಿಯೂ ಉಳಿದಂತೆ. ನೀರಿನ ಅನುಕೂಲವಿರುವವರು ಮುಂಗಾರಿನಲ್ಲಿ ಸಂಕರ ನೇಪಿಯರ್ ಹುಲ್ಲಿನ ಬೇರುಕಡ್ಡಿಗಳನ್ನು ನೆಡಬಹುದು. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಲ್ಲಿ ಅಭಿವೃದ್ಧಿಪಡಿಸಿದ 'ಸಂಪೂರ್ಣ' (ಡಿ.ಎಚ್.ಎನ್.-6) ತಳಿ ಈ ಭಾಗಕ್ಕೆ ಸೂಕ್ತ. ನೆಟ್ಟ 70–75 ದಿನಗಳಿಗೆ ಮೊದಲ ಕೊಯ್ಲು, ಆಮೇಲೆ 40–45 ದಿನಗಳಿಗೊಮ್ಮೆ ಕೊಯ್ಲು ಮಾಡಬಹುದು.

ಲೆಕ್ಕ ಹೀಗಿದೆ. 100–120 ಕೆ.ಜಿ. ತೂಗುವ ಮಲೆನಾಡು ಗಿಡ್ಡ ಹಸುವಿಗೆ ದಿನಕ್ಕೆ ಸುಮಾರು 12 ಕೆ.ಜಿ. ಹಸಿರು ಮೇವು ಎಂದರೆ, ನವೆಂಬರ್‌ನಿಂದ ಮೇವರೆಗಿನ 210 ದಿನಗಳಿಗೆ ಸುಮಾರು ಎರಡೂವರೆ ಟನ್ ಬೇಕಾಗುತ್ತದೆ. ಬೇಸಿಗೆಯಲ್ಲಿ ನೀರು ಕೊಡಬಲ್ಲ 5 ಗುಂಟೆ ಜಾಗ ಒಂದು ಹಸುವಿಗೆ ಪೂರ್ತಿಯಾಗಿ, ಅಥವಾ ಭತ್ತದ ಹುಲ್ಲಿನೊಡನೆ ಹೊಂದಿಸಿದರೆ ಎರಡು ಹಸುಗಳಿಗೆ ಸಾಕಾಗುತ್ತದೆ. ನೀರಿಲ್ಲದವರು ಮಳೆಗಾಲದ ಹುಲ್ಲನ್ನು, ಹಳಿಯಾಳ–ಮುಂಡಗೋಡ ಭಾಗದವರು ಗೋವಿನಜೋಳವನ್ನು ರಸಮೇವಾಗಿ ಕೂಡಿಡಬಹುದು. ಭತ್ತ ಕೊಯ್ದ ಬಯಲು ಗದ್ದೆಗಳಲ್ಲಿ ಮೇಯಿಸುವುದು ಕಾಡಿನಲ್ಲಿ ಮೇಯಿಸುವುದಕ್ಕಿಂತ ಸುರಕ್ಷಿತ.

ಹತ್ತಾರು ಎಮ್ಮೆಗಳನ್ನು ಸಾಕಿ, ಸ್ವಂತ ಜಮೀನಿಲ್ಲದೆ ಕಾಡನ್ನೇ ನಂಬಿರುವ ಗೌಳಿ ಕುಟುಂಬಗಳಿಗೆ ಈ ಲೆಕ್ಕ ಹೊಂದದು ಎಂಬ ಅರಿವು ನಮಗಿದೆ. ಅವರಿಗೆ ಮುಂದೆ ಹೇಳಿರುವ ವೈಯಕ್ತಿಕ ರಕ್ಷಣೆಯೂ ದನಗಳ ಉಪಚಾರವೂ ಇನ್ನಷ್ಟು ಮುಖ್ಯ. ವಿಸ್ತರಣಾ ಕಾರ್ಯಕರ್ತರು ಮೊದಲು ತಲುಪಬೇಕಾದದ್ದು ಈ ಕುಟುಂಬಗಳನ್ನು.

ಕಾಡಿಗೆ ಹೋಗುವವರ ವೈಯಕ್ತಿಕ ರಕ್ಷಣೆ

- ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಬರಿಗಾಲಿನಲ್ಲಿ ಹೋಗಬೇಡಿ. ತಿಳಿ ಬಣ್ಣದ ಬಟ್ಟೆಯ ಮೇಲೆ ಉಣ್ಣೆ ಬೇಗ ಕಣ್ಣಿಗೆ ಬೀಳುತ್ತದೆ.
- ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲವನ್ನು ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಕಣ್ಣಿಗೂ ಗಾಯಕ್ಕೂ ತಾಗಿಸಬೇಡಿ. ಅದರ ಪರಿಣಾಮ ಕೆಲವು ಗಂಟೆಗಳು ಮಾತ್ರ. ಸಂಜೆಯವರೆಗೆ ಕಾಡಿನಲ್ಲಿರುವವರು ಜೊತೆಗೆ ಕೊಂಡೊಯ್ದು ಮತ್ತೆ ಹಚ್ಚಿಕೊಳ್ಳಬೇಕು.
- ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ.
- ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಸೊಂಟ, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಅಂಚುಗಳನ್ನು ಪರೀಕ್ಷಿಸಿ. ಮಕ್ಕಳ ಮೈಯನ್ನು ದೊಡ್ಡವರೇ ನೋಡಬೇಕು.
- ಉಣ್ಣೆ ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆಯಿರಿ. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ಬೇಡ. ಆಮೇಲೆ ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಸತ್ತ ಮಂಗ ಕಂಡರೆ

ಮುಟ್ಟಬೇಡಿ, ಹೂಳಬೇಡಿ, ಎಳೆದು ಹಾಕಬೇಡಿ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಅವುಗಳ ಕಳೇಬರಗಳನ್ನು ನಿರ್ವಹಿಸಿದವರಿಗೇ ಕಾಯಿಲೆ ತಗುಲಿತ್ತು. ಸ್ಥಳವನ್ನು ಗುರುತಿಟ್ಟುಕೊಂಡು ಅರಣ್ಯ ಸಿಬ್ಬಂದಿಗೆ, ಗ್ರಾಮ ಪಂಚಾಯಿತಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ. ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಹಾಕುವುದು, ಮಾದರಿ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುವುದು ಇಲಾಖೆಗಳ ಕೆಲಸ. ಆ ಕಡೆ ದನ ಬಿಡುವುದನ್ನು ಆ ಬೇಸಿಗೆ ಮುಗಿಯುವವರೆಗೆ ನಿಲ್ಲಿಸಬೇಕು. ಕಾಡಿನಲ್ಲಿ ದಿನವೂ ಓಡಾಡುವ ದನಗಾಹಿಯ ಕಣ್ಣಿಗೆ ಸತ್ತ ಮಂಗ ಮೊದಲು ಬೀಳುತ್ತದೆ. ಅವನು ಹೇಳಿದ ಒಂದು ಮಾತು ಇಡೀ ಊರನ್ನು ಉಳಿಸಬಲ್ಲದು.

ಚಕ್ಕಡಿ ಕಟ್ಟಿಕೊಂಡು ಉಳವಿಗೆ ಬರುವವರಿಗೆ

ಹೊರಡುವ ಕೆಲವು ದಿನ ಮೊದಲು ಎತ್ತುಗಳಿಗೆ ಉಣ್ಣೆ ನಿವಾರಕ ಹಾಕಿಸಿ. ದಾರಿಯ ಮೇವಿಗೆ ಜೋಳದ ಕಣಿಕೆಯನ್ನು ಚಕ್ಕಡಿಯಲ್ಲಿಯೇ ತನ್ನಿ. ಎತ್ತುಗಳನ್ನು ಕಾಡಿನೊಳಗೆ ಮೇಯಲು ಬಿಡಬೇಡಿ. ಬೀಡುಬಿಡಲು ರಸ್ತೆಯಂಚಿನ ಬಯಲು ಜಾಗವನ್ನೇ ಆರಿಸಿ, ತರಗೆಲೆಯನ್ನು ಉದ್ದ ಹಿಡಿಯ ಪೊರಕೆಯಿಂದ ಸರಿಸಿ, ತಾಡಪತ್ರೆ ಹಾಸಿ. ಸಾಧ್ಯವಾದರೆ ಚಕ್ಕಡಿಯಲ್ಲಿಯೇ ಮಲಗಿ. ಬಟ್ಟೆಗಳನ್ನು ಪೊದೆಯ ಮೇಲೆ ಒಣಹಾಕಬೇಡಿ. ಮುಂಜಾನೆ, ಸಂಜೆ ಮೈ ಪರೀಕ್ಷಿಸಿಕೊಳ್ಳಿ. ಊರಿಗೆ ಮರಳಿದ ದಿನವೇ ಎತ್ತುಗಳ ಮೈಯನ್ನೂ ನೋಡಿ.

ಲಕ್ಷಣಗಳು ಮತ್ತು ಚಿಕಿತ್ಸೆ

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ನಿತ್ರಾಣ ಕಾಣಿಸುತ್ತವೆ. ಕೆಲವರಲ್ಲಿ ಮೂಗು, ಒಸಡು ಅಥವಾ ಮಲದಲ್ಲಿ ರಕ್ತ ಹೋಗುತ್ತದೆ. ಹಲವರು ಎರಡು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ 10ರಿಂದ 20 ಜನರಿಗೆ, ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರಳಿ ಜ್ವರ, ಕತ್ತು ಬಿಗಿತ, ನಡುಕ, ಮತಿಭ್ರಮೆ ಬರಬಹುದು. ಸಾವಿನ ಪ್ರಮಾಣ ನೂರಕ್ಕೆ 3ರಿಂದ 5. ಆದುದರಿಂದ ಜ್ವರ ಬಿಟ್ಟಿತೆಂದು ಕೂಡಲೇ ದುಡಿಮೆಗೆ ಇಳಿಯಬಾರದು.

ಮಾತ್ರೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ. ಆಸ್ಪಿರಿನ್‌ನಂತಹ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನಿರ್ದಿಷ್ಟ ಔಷಧವಿಲ್ಲದಿದ್ದರೂ, ಬೇಗ ಆಸ್ಪತ್ರೆ ಸೇರಿ ದೇಹದ ನೀರಿನಂಶ, ರಕ್ತದೊತ್ತಡಗಳನ್ನು ಕಾಪಾಡಿಕೊಂಡವರು ಗುಣವಾಗುವ ಸಾಧ್ಯತೆ ಹೆಚ್ಚು. ರಕ್ತ ಪರೀಕ್ಷೆಯಿಂದ ಕಾಯಿಲೆಯನ್ನು ಖಚಿತಪಡಿಸಬಹುದು.

ಇಲ್ಲಿ ಒಂದು ಮುಖ್ಯ ವಿಷಯ. ಕಾಡಿನಿಂದ ನೂರಾರು ಕಿ.ಮೀ. ದೂರದ ಬಯಲುಸೀಮೆಯ ಊರಿನಲ್ಲಿ ಜ್ವರ ಬಂದಾಗ ವೈದ್ಯರು ಡೆಂಗ್ಯೂ, ಚಿಕೂನ್‌ಗುನ್ಯಾ, ಟೈಫಾಯಿಡ್ ಎಂದು ಯೋಚಿಸುವುದು ಸಹಜ. ರೋಗಿಯು "ನಾನು ಉಳವಿ ಜಾತ್ರೆಗೆ ಹೋಗಿದ್ದೆ, ಕಾಡಿನಲ್ಲಿ ಮಲಗಿದ್ದೆ" ಅಥವಾ "ನಾನು ದನ ಮೇಯಿಸಲು ಕಾಡಿಗೆ ಹೋಗುತ್ತೇನೆ" ಎಂದು ತಾನಾಗಿ ಹೇಳಿದರೆ ಮಾತ್ರ ಅವರಿಗೆ ಮಂಗನ ಕಾಯಿಲೆಯ ನೆನಪಾದೀತು. ಈ ಮಾತನ್ನು ಹೇಳಲು ಮರೆಯಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ ವರ್ಷದ ಕಾರ್ಯಸೂಚಿ

- ಜೂನ್–ಸೆಪ್ಟೆಂಬರ್: ಕಾಡಂಚಿನ ಹಳ್ಳಿ ಮತ್ತು ಗೌಳಿ ದೊಡ್ಡಿಗಳಲ್ಲಿ ಪಶುಪಾಲನಾ ಇಲಾಖೆಯೊಡನೆ ಉಣ್ಣೆ ನಿಯಂತ್ರಣ ಶಿಬಿರ, ಮೇವಿನ ಬೆಳೆ ನೆಡಿಸುವುದು.
- ಅಕ್ಟೋಬರ್: ರಸಮೇವು ತಯಾರಿಕೆ, ಪರ್ಯಾಯ ಹಾಸಿನ ಸಂಗ್ರಹ, ಡೆಪಾ ತೈಲದ ಬೇಡಿಕೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಸಲ್ಲಿಸುವುದು.
- ನವೆಂಬರ್–ಜನವರಿ: ಕನ್ನಡದ ಜೊತೆಗೆ ಕೊಂಕಣಿ, ಮರಾಠಿಯಲ್ಲಿಯೂ ತಿಳಿವಳಿಕೆ, ಚಕ್ಕಡಿ ಹೊರಡುವ ಬಯಲುಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ಮುನ್ನವೇ ಸಭೆ.
- ಫೆಬ್ರವರಿ–ಮೇ: ಮಂಗಗಳ ಸಾವು ಮತ್ತು ಜ್ವರದ ಪ್ರಕರಣಗಳ ಬಗ್ಗೆ ನಿಗಾ, ಜಾತ್ರೆಯಿಂದ ಮರಳಿದವರನ್ನು ಎರಡು ವಾರ ವಿಚಾರಿಸುವುದು.

ಜ್ವರ ಮತ್ತು ಚಿಕಿತ್ಸೆಯ ಕುರಿತು ಆರೋಗ್ಯ ಸಹಾಯವಾಣಿ 104, ತುರ್ತು ವಾಹನಕ್ಕೆ 108, ದನಗಳ ಉಪಚಾರಕ್ಕೆ ಪಶು ಸಹಾಯವಾಣಿ 1962 ಇವುಗಳಿಗೆ ಕರೆ ಮಾಡಬಹುದು. ಮೇವಿನ ಬೇರುಕಡ್ಡಿ, ರಸಮೇವು ಮತ್ತು ಹಾಸಿನ ಬಗ್ಗೆ ಹೆಚ್ಚಿನ ಮಾಹಿತಿ ಬಯಸುವ ರೈತರು ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.